ಬಿ.ಎ. ಪದವಿಯೂ ನಮ್ಮ ಸೀಮೆಯೂ



ನಮ್ಮ ಸಮುದಾಯದ ಯಾವ ಶೈಕ್ಷಣಿಕ ಸಮಾರಂಭಕ್ಕೆ ಹೋದರೂ ಭಾಷಣ ಶುರುವಾಗುವುದು 'ಇಖ್ರಾ' ಎಂಬ ಪದದಿಂದ. ಓದು ಎಂಬ ಆ ಮೊದಲ ಆಜ್ಞೆಯನ್ನು ಎಲ್ಲರೂ ನೆನಪಿಸುತ್ತಾರೆ. ಪ್ರತಿಭಾ ಪುರಸ್ಕಾರ ಹಂಚುತ್ತಾರೆ. ಊಟ ಮುಗಿಸಿ ಮನೆಗೆ ಬರುತ್ತೇವೆ. ಆದರೆ ಏನನ್ನು ಓದಬೇಕು ಎಂಬ ಪ್ರಶ್ನೆ ಬಂದಾಗ ಉತ್ತರ ಎರಡೇ: ಸೈನ್ಸ್ ಸಿಕ್ಕರೆ ಸೈನ್ಸ್, ಇಲ್ಲದಿದ್ದರೆ ಕಾಮರ್ಸ್. ಬಿ.ಎ. ಎಂದರೆ ಎಲ್ಲೂ ಸೀಟು ಸಿಗದವರು ಇಳಿದುಕೊಳ್ಳುವ ಛತ್ರ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ.

ಕಳೆದ ವರ್ಷ ಪಿ.ಯು.ಸಿ. ಫಲಿತಾಂಶ ಬಂದ ವಾರ ಅರಸೀಕೆರೆ ಹೋಬಳಿಯ ಒಂದು ಹಳ್ಳಿಯಿಂದ ತಂದೆಯೊಬ್ಬರು ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದರು. ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಆರ್ಟ್ಸ್‌ನಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಳು. "ಮೇಡಂ, ಇವಳು ಬಿ.ಎ. ಮಾಡ್ತೀನಿ ಅಂತ ಹಟ ಹಿಡಿದಾಳೆ. ಬಿ.ಎ. ಓದಿ ಏನ್ ಮಾಡೋದು ಹೇಳ್ರಿ? ಟೇಲರಿಂಗ್ ಕಲಿತ್ರೆ ನಾಕು ಕಾಸಾದ್ರೂ ಬರ್ತದೆ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಪೇಪರ್‌ನಲ್ಲಿ ಪ್ಯಾಲೆಸ್ತೀನ್ ಸುದ್ದಿ ಓದ್ತೀವಿ. ಮಸೀದಿಯಲ್ಲಿ ದುವಾ ಮಾಡ್ತಾರೆ. ನಮ್ಮೂರ ಅಲಾಯಿ ಹಬ್ಬದಾಗೆ ಲಿಂಗಾಯತರ ಮನೆಯೋರು ಬಂದು ಸಕ್ಕರೆ ಓದಿಸ್ತಾರೆ. ಅಬ್ಬಾ ಅದು ಸರಿ ಅಂತಾರೆ, ಹಜರತ್ರು ತಪ್ಪು ಅಂತಾರೆ. ಇದೆಲ್ಲಾ ಯಾಕೆ ಹಿಂಗೆ ಅಂತ ಕಲಿಸೋ ಕಾಲೇಜು ಯಾವುದು ಮೇಡಂ?"

ನನಗೆ ತಕ್ಷಣ ಉತ್ತರ ತೋಚಲಿಲ್ಲ. ಅವಳು ಕೇಳಿದ್ದು ಮೂರು ಶಾಸ್ತ್ರಗಳನ್ನು. ದೇಶದೇಶಗಳ ನಡುವಣ ಸಂಬಂಧ, ಸಮಾಜದ ಅಧ್ಯಯನ, ಧರ್ಮಗಳ ಅಧ್ಯಯನ. ಈ ಮೂರೂ ನಮ್ಮ ನಾಡಿನ ಪದವಿ ತರಗತಿಗಳಿಗೆ ಹೇಗೆ ಬಂದವು, ಎಲ್ಲಿ ನಿಂತವು ಎಂಬುದನ್ನು ಆಮೇಲೆ ಹುಡುಕಿ ಓದಿದೆ. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನಮ್ಮ ಸೀಮೆಯನ್ನು ಗಮನಿಸಿ. ನಾನು ಹೇಳುತ್ತಿರುವುದು ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ಅರಸೀಕೆರೆಯಲ್ಲ, ಉಚ್ಚಂಗಿದುರ್ಗದ ಮಗ್ಗುಲಿನ ಹರಪನಹಳ್ಳಿ ತಾಲೂಕಿನ ಅರಸೀಕೆರೆ. 1800ರಲ್ಲಿ ಹೈದರಾಬಾದಿನ ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶದಲ್ಲಿ ಬಳ್ಳಾರಿ ಸೀಮೆಯೂ ಸೇರಿತ್ತು. ಅಲ್ಲಿಂದ ಮುಂದೆ ಒಂದೂವರೆ ಶತಮಾನ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಎಲ್ಲವೂ ಮದರಾಸಿನ ಕೈಕೆಳಗೆ. ದಕ್ಷಿಣಕ್ಕೆ ಜಗಳೂರು, ದಾವಣಗೆರೆಗೆ ಹೋದರೆ ಮೈಸೂರು ಮಹಾರಾಜರ ರಾಜ್ಯ. ಹಡಗಲಿಯ ಹತ್ತಿರ ಹೊಳೆ ದಾಟಿದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಹೊಸಪೇಟೆಯ ಬಳಿ ಅದೇ ತುಂಗಭದ್ರೆಯನ್ನು ದಾಟಿದರೆ ನಿಜಾಮರ ಕೊಪ್ಪಳ. ಹೀಗೆ ನಾಲ್ಕು ಸರ್ಕಾರಗಳು ಸೇರುವ ಮೂಲೆಯಲ್ಲಿ ನಮ್ಮ ಹಿರಿಯರು ಬದುಕಿದ್ದರು. ನಾಲ್ಕು ಸರ್ಕಾರಗಳ ಕಾಲೇಜುಗಳೂ ಬೇರೆ, ಧರ್ಮವನ್ನು ಕಾಲೇಜಿನೊಳಗೆ ಎಲ್ಲಿ ಕೂರಿಸಬೇಕು ಎಂಬ ಲೆಕ್ಕವೂ ಬೇರೆ. ಒಬ್ಬ ಹುಡುಗ ಯಾವ ದಂಡೆಯಲ್ಲಿ ಹುಟ್ಟಿದ ಎಂಬುದರ ಮೇಲೆ ಅವನು ಏನಾಗಬಹುದು ಎಂಬುದು ನಿರ್ಧಾರವಾಗುತ್ತಿತ್ತು. ಹುಡುಗಿಯರ ಮಾತು ಆಗ ಏಳುತ್ತಲೇ ಇರಲಿಲ್ಲ.

ನಮ್ಮ ದಂಡೆಯ ಕಥೆ ಬಡವಾದದ್ದು. ಮದರಾಸು ವಿಶ್ವವಿದ್ಯಾಲಯ 1857ರಲ್ಲೇ ಆಗಿದ್ದರೂ ನಮ್ಮ ಸೀಮೆಗೆ ಹತ್ತಿರವಾಗಿ ಸರ್ಕಾರಿ ಕಾಲೇಜು ಎಂದು ಬಂದದ್ದು 1916ರಲ್ಲಿ, ಅದೂ ಅನಂತಪುರದಲ್ಲಿ. ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಆದದ್ದು 1945ರಲ್ಲಿ. ವೀರಶೈವ ವಿದ್ಯಾವರ್ಧಕ ಸಂಘದವರು ಕಟ್ಟಿದ ಆ ಕಾಲೇಜಿನಲ್ಲಿ ನಮ್ಮ ಸಮುದಾಯದ ಎಷ್ಟೋ ಮಕ್ಕಳು ಓದಿದರು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಮದರಾಸಿನಲ್ಲಿ ಧರ್ಮದ ಅಧ್ಯಯನಕ್ಕೆ ನೇರ ಬಾಗಿಲಿರಲಿಲ್ಲ. ಭಾಷೆಯ ಹೆಸರಿನಲ್ಲಿ ಒಂದು ಹಿತ್ತಲ ಬಾಗಿಲಿತ್ತು. ವಿಶ್ವವಿದ್ಯಾಲಯವು ಪ್ರಾಚ್ಯ ಭಾಷೆಗಳಿಗೆ ಬಿರುದು ಪರೀಕ್ಷೆಗಳನ್ನು ನಡೆಸುತ್ತಿತ್ತು. ಅರಬಿಗೆ ಅಫ್ಝಲ್-ಉಲ್-ಉಲಮಾ, ಫಾರಸಿಗೆ ಮುನ್ಷಿ-ಎ-ಫಾಝಿಲ್, ಉರ್ದುವಿಗೆ ಅದೀಬ್-ಎ-ಫಾಝಿಲ್. ಅಫ್ಝಲ್-ಉಲ್-ಉಲಮಾದಲ್ಲಿ ಅರಬಿ ಸಾಹಿತ್ಯದ ಜೊತೆಗೆ ತಫ್ಸೀರ್, ಹದೀಸ್, ಫಿಖ್ಹ್ ಕೂಡ ಓದಬೇಕಿತ್ತು. ಮದ್ರಸಾದಲ್ಲಿ ಕಲಿತದ್ದಕ್ಕೆ ವಿಶ್ವವಿದ್ಯಾಲಯದ ಮೊಹರು ಬಿದ್ದಂತೆ. ಈ ಬಿರುದಿನಿಂದಲೇ ಪ್ರಸಿದ್ಧರಾದವರು ಕರ್ನೂಲಿನ ಅಫ್ಝಲ್-ಉಲ್-ಉಲಮಾ ಡಾ. ಅಬ್ದುಲ್ ಹಖ್. ಉರ್ದು ಓದಿದವರು ಇವರನ್ನು ಬಾಬಾ-ಎ-ಉರ್ದು ಮೌಲ್ವಿ ಅಬ್ದುಲ್ ಹಖ್ ಎಂದು ತಿಳಿದು ಗೊಂದಲ ಮಾಡಿಕೊಳ್ಳುತ್ತಾರೆ. ಆ ಮಹನೀಯರು ಬೇರೆ, ಅವರ ಮಾತು ಮುಂದೆ ಬರುತ್ತದೆ. ಕರ್ನೂಲಿನ ಡಾ. ಅಬ್ದುಲ್ ಹಖ್ ಅವರು 1947ರಲ್ಲಿ ತಮ್ಮ ಊರಿನಲ್ಲಿ ಉಸ್ಮಾನಿಯಾ ಕಾಲೇಜು ಕಟ್ಟಿದರು. ಕರ್ನೂಲು, ಬಳ್ಳಾರಿ ಆಗ ಒಂದೇ ಪ್ರಾಂತ್ಯದ ಅಕ್ಕಪಕ್ಕದ ಜಿಲ್ಲೆಗಳು. 1953ರ ಅಕ್ಟೋಬರ್ 1ರಂದು ಕರ್ನೂಲು ಹೊಸ ಆಂಧ್ರ ರಾಜ್ಯದ ರಾಜಧಾನಿಯಾಯಿತು, ಅದೇ ದಿನ ನಮ್ಮ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡಿಗರಾಗಿ ನಮಗೆ ಅದು ಹಬ್ಬದ ದಿನ, ಸಂಶಯವಿಲ್ಲ. ಆದರೆ ನೆರೆಯ ಜಿಲ್ಲೆಯ ಮುಸ್ಲಿಂ ಕಾಲೇಜೊಂದು ಅಂದಿನಿಂದ ಹೊರರಾಜ್ಯದ ಕಾಲೇಜಾಯಿತು ಎಂಬುದನ್ನು ಯಾರೂ ಬರೆದಿಟ್ಟಂತಿಲ್ಲ. ಅವರ ಹೆಸರಿನಲ್ಲೇ 2016ರಲ್ಲಿ ಕರ್ನೂಲಿನಲ್ಲಿ ಉರ್ದು ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ.

ಈಗ ದಕ್ಷಿಣಕ್ಕೆ ಬನ್ನಿ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ದೇಶೀಯ ಸಂಸ್ಥಾನವೊಂದು ಕಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. 1918ರಲ್ಲಿ ಸರ್ವೇಪಲ್ಲಿ ರಾಧಾಕೃಷ್ಣನ್ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದು ಮಹಾರಾಜಾ ಕಾಲೇಜಿನಲ್ಲಿ ಮೂರು ವರ್ಷ ಕಲಿಸಿದರು. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆ ಬಿಚ್ಚಿ ತಾವೇ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದ ಕಥೆಯನ್ನು ಶಿಕ್ಷಕರ ದಿನಾಚರಣೆಯಲ್ಲಿ ನಾವೆಲ್ಲ ಹೇಳುತ್ತೇವೆ. ಅದೇ ಕಾಲೇಜಿನಲ್ಲಿ ನಡೆದ, ನಾವು ಹೇಳದ ಇನ್ನೊಂದು ಸಂಗತಿಯಿದೆ.

ಎ.ಆರ್. ವಾಡಿಯಾ ಎಂಬ ಪಾರ್ಸಿ ವಿದ್ವಾಂಸರು ಅಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದರು. ಸಮಾಜಶಾಸ್ತ್ರ ಎಂಬುದು ನಮ್ಮ ದೇಶದ ಕಾಲೇಜುಗಳಲ್ಲಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ಮುಂಬಯಿಯಲ್ಲಿ ಅದಕ್ಕೊಂದು ವಿಭಾಗ ತೆರೆದದ್ದೇ 1919ರಲ್ಲಿ. ಮೈಸೂರಿನಲ್ಲಿ ವಾಡಿಯಾ ಅವರ ಆಸಕ್ತಿಯಿಂದ 'ಸಾಮಾಜಿಕ ತತ್ತ್ವಶಾಸ್ತ್ರ' ಎಂಬ ಆನರ್ಸ್ ಪದವಿ ನಡೆಯುತ್ತಿತ್ತು. ಬಿ.ಎ. ಮಟ್ಟದಲ್ಲಿಯೇ ಸಮಾಜ, ರಾಜ್ಯ, ನೀತಿ, ಧರ್ಮ ಎಲ್ಲವನ್ನೂ ಒಂದೇ ಪದವಿಯಲ್ಲಿ ಓದುವ ಏರ್ಪಾಡು. ಆ ಪದವಿಗೆ ಸೇರಿದ ವಿದ್ಯಾರ್ಥಿಗಳಲ್ಲಿ ಮೈಸೂರಿನ ಅಯ್ಯಂಗಾರ್ ಮನೆತನದ ಒಬ್ಬ ಹುಡುಗನಿದ್ದ. ಹುಟ್ಟಿದ್ದು 1916ರಲ್ಲಿ, ಅಂದರೆ ವಿಶ್ವವಿದ್ಯಾಲಯದ ವಾರಿಗೆಯವನೇ. 1936ರಲ್ಲಿ ಪದವಿ ಮುಗಿಸಿ, ಮುಂಬಯಿಗೆ ಹೋಗಿ ಜಿ.ಎಸ್. ಘುರ್ಯೆ ಅವರ ಶಿಷ್ಯನಾಗಿ, ಅಲ್ಲಿಂದ ಆಕ್ಸ್‌ಫರ್ಡ್‌ಗೆ ಹೋದ ಆ ಹುಡುಗನೇ ಎಂ.ಎನ್. ಶ್ರೀನಿವಾಸ್.

ಶ್ರೀನಿವಾಸರ ಹೆಸರು ಸಮಾಜಶಾಸ್ತ್ರ ಓದಿದ ಎಲ್ಲರಿಗೂ ಗೊತ್ತು. 'ಸಂಸ್ಕೃತೀಕರಣ', 'ಪ್ರಬಲ ಜಾತಿ' ಎಂದು ನಾವು ಪರೀಕ್ಷೆಯಲ್ಲಿ ಬರೆಯುವ ಮಾತುಗಳು ಅವರವು. ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಅವರು ಬರೆದ ಗ್ರಂಥ ಪ್ರಕಟವಾದದ್ದು 1952ರಲ್ಲಿ. ಅದರ ಹೆಸರಿನಲ್ಲೇ ಧರ್ಮ ಮತ್ತು ಸಮಾಜ ಎರಡೂ ಪಕ್ಕಪಕ್ಕ ಕೂತಿರುವುದನ್ನು ಗಮನಿಸಿ. ಧರ್ಮ ಎಂದರೆ ಗ್ರಂಥದಲ್ಲಿ ಇರುವುದು ಮಾತ್ರವಲ್ಲ, ಜನ ಮನೆಯಲ್ಲಿ, ಹೊಲದಲ್ಲಿ, ಮದುವೆಯಲ್ಲಿ, ಸಾವಿನಲ್ಲಿ ನಡೆಸುವುದೂ ಧರ್ಮವೇ, ಅದನ್ನು ಹತ್ತಿರ ನಿಂತು ನೋಡಿ ಬರೆಯಬೇಕು ಎಂಬುದು ಅವರ ಮಾರ್ಗ. ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ 1948ರಲ್ಲಿ ವಾಸವಾಗಿದ್ದು ಟಿಪ್ಪಣಿ ಮಾಡಿಕೊಂಡರು. ಆ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ಇಪ್ಪತ್ತು ವರ್ಷಗಳ ಶ್ರಮ ಬೂದಿಯಾದಾಗ ಅವರು ನೆನಪಿನಿಂದಲೇ ಬರೆಯಲು ಕೂತರು. 1976ರಲ್ಲಿ ಬಂದ ಆ ಪುಸ್ತಕದಲ್ಲಿ ಊರಿನ ಗೌಡರಿದ್ದಾರೆ, ದಲಿತರಿದ್ದಾರೆ, ಮುಸ್ಲಿಮರೂ ಇದ್ದಾರೆ. ಬಿ.ಎ. ಓದಿ ಏನು ಮಾಡುವುದು ಎಂದು ಆ ಹುಡುಗನ ಮನೆಯಲ್ಲೂ ಯಾರಾದರೂ ಕೇಳಿರಬಹುದು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಇನ್ನು ಹೊಳೆಯಾಚೆಯ ನಿಜಾಮರ ದಂಡೆ. 1917ರಲ್ಲಿ ಹೈದರಾಬಾದಿನಲ್ಲಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಶುರುವಾಯಿತು. ಬಾಬಾ-ಎ-ಉರ್ದು ಮೌಲ್ವಿ ಅಬ್ದುಲ್ ಹಖ್ ಅದರ ಮುಖ್ಯಸ್ಥರಾಗಿದ್ದರು. ಮರುವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇಂಗ್ಲಿಷ್ ಒಂದು ವಿಷಯವಾಗಿ ಕಡ್ಡಾಯ, ಉಳಿದ ಪಾಠವೆಲ್ಲ ಉರ್ದುವಿನಲ್ಲಿ. ದೇಶಭಾಷೆಯೊಂದರಲ್ಲಿ ವಿಜ್ಞಾನ, ಕಾನೂನು, ಇತಿಹಾಸ ಎಲ್ಲವನ್ನೂ ಪದವಿ ಮಟ್ಟದಲ್ಲಿ ಕಲಿಸಬಹುದು ಎಂದು ಮೊದಲು ಮಾಡಿ ತೋರಿಸಿದ್ದು ಅದು. ಪುಸ್ತಕ ಬೇಕು, ಪುಸ್ತಕಕ್ಕೆ ಪದ ಬೇಕು. ಅನುವಾದಕರು ಕೂತು ಪದಗಳನ್ನು ಟಂಕಿಸಿದರು. ನಾನು ಉರ್ದು, ಕನ್ನಡ ಎರಡನ್ನೂ ಕಲಿಸುವವಳಾದ್ದರಿಂದ ಈ ಪದಗಳ ಮೇಲೆ ನನಗೆ ಮೋಹ ಜಾಸ್ತಿ. ರಾಜ್ಯಶಾಸ್ತ್ರ ಉರ್ದುವಿನಲ್ಲಿ ಸಿಯಾಸಿಯಾತ್. ಅರ್ಥಶಾಸ್ತ್ರ ಮಆಶಿಯಾತ್. ಅಂತರರಾಷ್ಟ್ರೀಯ ಎನ್ನುವುದಕ್ಕೆ ಬೈನ್-ಉಲ್-ಅಖ್ವಾಮಿ. ಕನ್ನಡದಲ್ಲಿ ರಾಷ್ಟ್ರಗಳ ನಡುವೆ, ಉರ್ದುವಿನಲ್ಲಿ ಖೌಮುಗಳ ನಡುವೆ. ಎರಡಕ್ಕೂ ಇರುವ ಅಂತರವನ್ನು ಬಿಡಿಸಿದರೆ ಒಂದು ಪೀರಿಯಡ್ ಪಾಠವಾಗುತ್ತದೆ. ಸಮಾಜಶಾಸ್ತ್ರಕ್ಕೆ ಉರ್ದುವಿನಲ್ಲಿ ಇಮ್ರಾನಿಯಾತ್. ಇದರ ಬೇರು ಇಬ್ನ್ ಖಲ್ದೂನ್ ಬಳಸಿದ 'ಉಮ್ರಾನ್' ಎಂಬ ಪದ. ಜನ ಸೇರಿ ನೆಲೆಯೂರಿ ಬಾಳುವುದು ಎಂದು ಅರ್ಥ. 1377ರಲ್ಲಿ ಬರೆದ ತಮ್ಮ ಮುಖದ್ದಿಮಾದಲ್ಲಿ ಅವರು ಇದನ್ನು ಒಂದು ಹೊಸ ಶಾಸ್ತ್ರವಾಗಿಯೇ ಕಂಡಿದ್ದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಎದೆ ತಟ್ಟಿಕೊಳ್ಳುವುದು ನಮ್ಮ ವೇದಿಕೆಗಳ ಹಳೆಯ ಕಾಯಿಲೆ. ಇಬ್ನ್ ಖಲ್ದೂನರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವವರಲ್ಲಿ ಎಷ್ಟು ಜನ ಅವರ ಒಂದು ಪುಟ ಓದಿದ್ದಾರೆ?

ಉಸ್ಮಾನಿಯಾದಲ್ಲಿ ಧರ್ಮಕ್ಕೆ ಮುಂಬಾಗಿಲಿನಿಂದಲೇ ಪ್ರವೇಶವಿತ್ತು. ದೀನಿಯಾತ್ ಎಂಬ ವಿಭಾಗವೇ ಇತ್ತು. ಮುಸ್ಲಿಂ ವಿದ್ಯಾರ್ಥಿಗಳಿಗೆ ದೀನಿಯಾತ್, ಉಳಿದವರಿಗೆ ನೀತಿಶಾಸ್ತ್ರ ಎಂಬ ವ್ಯವಸ್ಥೆ. ಇದಕ್ಕೆ ಇನ್ನೊಂದು ಮುಖವೂ ಇತ್ತು ಎಂಬುದನ್ನು ಮರೆಮಾಚಬಾರದು. ಆ ರಾಜ್ಯದ ಪ್ರಜೆಗಳಲ್ಲಿ ಹೆಚ್ಚಿನವರ ಮನೆಮಾತು ತೆಲುಗು, ಮರಾಠಿ, ಕನ್ನಡ. ಕೊಪ್ಪಳ, ರಾಯಚೂರು, ಬೀದರಿನ ಕನ್ನಡದ ಹುಡುಗನಿಗೆ ಉರ್ದು ಕೂಡ ಇಂಗ್ಲಿಷಿನಷ್ಟೇ ಪರಭಾಷೆ. ಮಾತೃಭಾಷೆಯಲ್ಲಿ ಕಲಿಯುವ ಹಕ್ಕಿನ ಬಗ್ಗೆ ಉರ್ದು ಶಿಕ್ಷಕಿಯಾಗಿ ನಾನು ಮಾತಾಡುವಾಗ ಆ ಹುಡುಗನ ಹಕ್ಕನ್ನೂ ಸೇರಿಸಿಯೇ ಮಾತಾಡಬೇಕಾಗುತ್ತದೆ.

ಆ ವಿಶ್ವವಿದ್ಯಾಲಯದಲ್ಲಿ ಬಿ.ಎ.ಯಿಂದ ಎಂ.ಎ., ಎಲ್‌ಎಲ್.ಬಿ.ವರೆಗೆ ಓದಿದ ಒಬ್ಬರ ಬಗ್ಗೆ ನಿಮಗೆ ಹೇಳಲೇಬೇಕು. ಡಾ. ಮುಹಮ್ಮದ್ ಹಮೀದುಲ್ಲಾ, 1908ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು. ಅವರು ಹಿಡಿದ ವಿಷಯ ಅಂತರರಾಷ್ಟ್ರೀಯ ಕಾನೂನು. ನಮ್ಮ ಮದ್ರಸಾಗಳಲ್ಲಿ ಇಮಾಮ್ ಅಬೂ ಹನೀಫಾ ಅವರ ಶಿಷ್ಯ ಇಮಾಮ್ ಮುಹಮ್ಮದ್ ಶೈಬಾನಿ (ನಿಧನ 805) ಅವರ ಹೆಸರು ದಿನವೂ ಕೇಳುತ್ತದೆ. 'ಸಿಯರ್' ಎಂಬ ವಿಷಯದ ಮೇಲೆ ಅವರು ಗ್ರಂಥ ರಚಿಸಿದ್ದಾರೆ. ಯುದ್ಧ, ಸಂಧಿ, ರಾಯಭಾರಿಗಳ ರಕ್ಷಣೆ, ಪರದೇಶದವರು ನಮ್ಮಲ್ಲಿ ಬಂದಾಗ ಅವರ ಹಕ್ಕು, ಕೈದಿಗಳನ್ನು ನಡೆಸಿಕೊಳ್ಳುವ ರೀತಿ, ಇವೆಲ್ಲ ಸಿಯರ್‌ನಲ್ಲಿ ಬರುತ್ತವೆ. ಫಿಖ್ಹಿನ ಒಂದು ಅಧ್ಯಾಯವೆಂದು ನಮ್ಮ ಉಲೆಮಾ ಓದುತ್ತಿದ್ದುದನ್ನು ಹಮೀದುಲ್ಲಾ ಅವರು ಇಂದಿನ ಅಂತರರಾಷ್ಟ್ರೀಯ ಕಾನೂನಿನ ಪಕ್ಕದಲ್ಲಿಟ್ಟು ನೋಡಿದರು. 1930ರ ದಶಕದಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. ಪ್ಯಾರಿಸ್ಸಿನ ಸೋರ್ಬಾನ್‌ನಲ್ಲಿ ಪ್ರವಾದಿ ಮುಹಮ್ಮದ್ (ಸ) ಮತ್ತು ಖಲೀಫರ ಕಾಲದ ರಾಜತಾಂತ್ರಿಕ ಪತ್ರಗಳ ಮೇಲೆ ಇನ್ನೊಂದು ಡಾಕ್ಟರೇಟ್. ಮರಳಿ ಬಂದು ಉಸ್ಮಾನಿಯಾದಲ್ಲೇ ಪಾಠ ಹೇಳಿದರು. ಅಂತರರಾಷ್ಟ್ರೀಯ ಸಂಬಂಧ, ಧರ್ಮದ ಅಧ್ಯಯನ ಎರಡೂ ಒಬ್ಬರೇ ವ್ಯಕ್ತಿಯಲ್ಲಿ ಸೇರಿದ ಉದಾಹರಣೆ ಬೇಕೆಂದರೆ ದೂರ ಹೋಗಬೇಕಿಲ್ಲ, ಹೊಳೆಯಾಚೆ ನೋಡಿದರೆ ಸಾಕು.

ಅವರ ಬಾಳಿನ ಕೊನೆ ಭಾಗ ಮನಸ್ಸು ಕಲಕುವಂಥದ್ದು. 1948ರಲ್ಲಿ ಹೈದರಾಬಾದಿನ ಪ್ರಶ್ನೆಯನ್ನು ವಿಶ್ವಸಂಸ್ಥೆಗೆ ಒಯ್ದ ನಿಜಾಮರ ನಿಯೋಗದ ಜೊತೆ ಹೋದವರು ಮತ್ತೆ ಊರಿಗೆ ಬರಲಿಲ್ಲ. ಹೈದರಾಬಾದು ಭಾರತದಲ್ಲಿ ಸೇರಿದ್ದು ನ್ಯಾಯ ಎಂದೇ ನಾನು ತಿಳಿದಿರುವವಳು. ಆ ಸೇರ್ಪಡೆಯಿಂದಲೇ ಹೊಳೆಯಾಚೆಯ ಕನ್ನಡಿಗರು ನಮ್ಮೊಂದಿಗೆ ಒಂದಾದರು. ಆದರೂ ದೇಶದೇಶಗಳ ನಡುವಿನ ನಿಯಮಗಳನ್ನು ಜೀವನವಿಡೀ ಅಭ್ಯಾಸ ಮಾಡಿದ ವಿದ್ವಾಂಸನೊಬ್ಬ ತನ್ನದೆಂಬ ದೇಶವಿಲ್ಲದೆ ಪ್ಯಾರಿಸ್ಸಿನಲ್ಲಿ ದಶಕಗಟ್ಟಲೆ ಬಾಳಿದ್ದನ್ನು ನೆನೆದರೆ ಸಂಕಟವಾಗುತ್ತದೆ. ಅಲ್ಲಿದ್ದುಕೊಂಡೇ ಕುರ್‌ಆನನ್ನು ಫ್ರೆಂಚ್ ಭಾಷೆಗೆ ಅನುವಾದಿಸಿದರು. ಅದು 1959ರಲ್ಲಿ ಪ್ರಕಟವಾಯಿತು. 2002ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ನಿಧನರಾದರು.

ಅಂತರರಾಷ್ಟ್ರೀಯ ಸಂಬಂಧ ಎಂಬ ವಿಷಯವೇ ಜಗತ್ತಿಗೆ ಹೊಸದು. ಮೊದಲ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಯುವಕರು ಸತ್ತ ಮೇಲೆ, ಇಂಥದು ಮತ್ತೆ ಆಗದಿರಲು ಕಾರಣಗಳನ್ನು ಓದಬೇಕೆಂದು 1919ರಲ್ಲಿ ಬ್ರಿಟನ್ನಿನ ವೇಲ್ಸ್‌ನ ಅಬೆರಿಸ್ಟ್‌ವಿತ್ ಎಂಬ ಸಮುದ್ರತೀರದ ಊರಿನಲ್ಲಿ ಇದಕ್ಕೆ ಮೊದಲ ಪೀಠ ಸ್ಥಾಪನೆಯಾಯಿತು. ದಾನಿ ಡೇವಿಡ್ ಡೇವಿಸ್. ಪೀಠಕ್ಕೆ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರ ಹೆಸರು. ಅದೇ ವರ್ಷ ನಮ್ಮ ದೇಶದಲ್ಲಿ ಖಿಲಾಫತ್ ಚಳವಳಿ ಶುರುವಾಯಿತು. ಕಾಲೇಜಿನ ಮೆಟ್ಟಿಲು ಹತ್ತದ ನಮ್ಮ ಹಿರಿಯರು ತುರ್ಕಿಯ ಗತಿ ಏನಾಗುವುದೋ ಎಂದು ಮರುಗಿದರು, ಚಂದಾ ಎತ್ತಿದರು. 1924ರ ಮಾರ್ಚಿನಲ್ಲಿ ತುರ್ಕಿಯವರೇ ಖಿಲಾಫತ್ತನ್ನು ರದ್ದು ಮಾಡಿದಾಗ ಇಲ್ಲಿನವರಿಗೆ ದಿಕ್ಕು ತೋಚಲಿಲ್ಲ. ಅನುಕಂಪ ಬೆಟ್ಟದಷ್ಟಿತ್ತು, ಆ ದೇಶದೊಳಗೆ ಏನು ನಡೆಯುತ್ತಿದೆ ಎಂಬ ತಿಳಿವಳಿಕೆ ಸಾಸಿವೆಯಷ್ಟಿತ್ತು. ಇಂದು ಮೊಬೈಲಿನಲ್ಲಿ ಪ್ಯಾಲೆಸ್ತೀನ್, ಇರಾನ್ ಎಂದು ಬರುವ ವಿಡಿಯೋಗಳನ್ನು ಹಂಚುವ ನಮ್ಮ ಯುವಕರನ್ನು ಕಂಡಾಗ ನನಗೆ ಅದೇ ನೆನಪಾಗುತ್ತದೆ. ಆ ಚಳವಳಿಯ ಬಿಸಿಯಲ್ಲಿ ಹುಟ್ಟಿ ಇಂದಿಗೂ ಉಳಿದಿರುವುದು ಒಂದು ವಿದ್ಯಾಸಂಸ್ಥೆ, 1920ರಲ್ಲಿ ಅಲಿಗಢದಲ್ಲಿ ಶುರುವಾಗಿ 1925ರಲ್ಲಿ ದಿಲ್ಲಿಗೆ ಬಂದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ. ಭಾರತದಲ್ಲಿ ಅಂತರರಾಷ್ಟ್ರೀಯ ಅಧ್ಯಯನಕ್ಕೆಂದೇ ಶಾಲೆ ತೆರೆದದ್ದು 1955ರಲ್ಲಿ, ದಿಲ್ಲಿಯಲ್ಲಿ. ಅದು 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದೊಳಗೆ ಸೇರಿತು. ನಮ್ಮ ಕಡೆಯ ಕಾಲೇಜುಗಳಲ್ಲಿ ಮಾತ್ರ ಅದು ರಾಜ್ಯಶಾಸ್ತ್ರದೊಳಗಿನ ಒಂದು ಪತ್ರಿಕೆಯಾಗಿ ಬಂದು ಕೂತಿದೆ.

ಧರ್ಮದ ಅಧ್ಯಯನಕ್ಕೆ ಅಷ್ಟೂ ಜಾಗ ಸಿಗಲಿಲ್ಲ. ಯಾಕೆಂದರೆ ಸ್ವಾತಂ‌ತ್ರ್ಯ ಬಂದ ಮೇಲೆ ಎಲ್ಲರೂ ಅದಕ್ಕೆ ಹೆದರಿದರು. ಸಂವಿಧಾನದ 28ನೇ ವಿಧಿ ಸ್ಪಷ್ಟವಾಗಿದೆ: ಪೂರ್ತಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧರ್ಮಬೋಧನೆ ಕೂಡದು. ಇದು ಬೇಕಾದ ಕಟ್ಟಳೆಯೇ. ಅಲ್ಪಸಂಖ್ಯಾತರಾದ ನಮಗಂತೂ ಇದು ರಕ್ಷಣೆ. ಆದರೆ ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಕಲಿಸುವುದು ಬೇರೆ. ಈ ವ್ಯತ್ಯಾಸವನ್ನು ನಮ್ಮ ದೊಡ್ಡವರು ಅಂದೇ ಗುರುತಿಸಿದ್ದರು. 1948-49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗಕ್ಕೆ ಮೈಸೂರಿನಲ್ಲಿ ಮೇಷ್ಟರಾಗಿದ್ದ ಅದೇ ರಾಧಾಕೃಷ್ಣನ್ ಅಧ್ಯಕ್ಷರು. ಜಾಮಿಯಾವನ್ನು ಕಷ್ಟಕಾಲದಲ್ಲಿ ಉಳಿಸಿದ ಡಾ. ಝಾಕಿರ್ ಹುಸೇನ್ ಅದರ ಸದಸ್ಯರಲ್ಲೊಬ್ಬರು. ಮುಂದೆ ಇಬ್ಬರೂ ರಾಷ್ಟ್ರಪತಿಗಳಾದರು. ಪದವಿಯ ಮೂರು ವರ್ಷಕ್ಕೆ ಆಯೋಗ ಕೊಟ್ಟ ಸಲಹೆ ಹೀಗಿತ್ತು: ಮೊದಲ ವರ್ಷ ಜಗತ್ತಿನ ಧರ್ಮಪುರುಷರ ಮತ್ತು ಮಹಾತ್ಮರ ಜೀವನ, ಎರಡನೇ ವರ್ಷ ಎಲ್ಲ ಧರ್ಮಗ್ರಂಥಗಳಿಂದ ಸರ್ವರಿಗೂ ಸಲ್ಲುವ ಆಯ್ದ ಭಾಗಗಳು, ಮೂರನೇ ವರ್ಷ ಧರ್ಮದ ತತ್ತ್ವಶಾಸ್ತ್ರದ ಮುಖ್ಯ ಪ್ರಶ್ನೆಗಳು. ಮೊದಲ ವರ್ಷದ ಪಟ್ಟಿಯಲ್ಲಿ ಬುದ್ಧ, ಕನ್‌ಫ್ಯೂಷಿಯಸ್, ಝರತುಷ್ಟ್ರ, ಸಾಕ್ರಟಿಸ್, ಯೇಸು, ಶಂಕರ, ರಾಮಾನುಜ, ಮಧ್ವ, ಪ್ರವಾದಿ ಮುಹಮ್ಮದ್ (ಸ), ಕಬೀರ, ನಾನಕ್, ಗಾಂಧೀಜಿ ಇದ್ದಾರೆ. ಕೊಟ್ಟೂರು, ಉಜ್ಜಿನಿಯ ಸೀಮೆಯವರಾದ ನಮಗೆ ಬಸವಣ್ಣನವರ ಹೆಸರು ಯಾಕಿಲ್ಲ ಎಂದು ಕೂಡಲೇ ಕಾಣುತ್ತದೆ. ಆ ಕೊರತೆ ಇದ್ದರೂ, ಆ ಪಾಠ ನಡೆದಿದ್ದರೆ ಮೂರು ತಲೆಮಾರಿನ ಪದವೀಧರರು ಪಕ್ಕದ ಮನೆಯವರ ಧರ್ಮವನ್ನು ವಾಟ್ಸಾಪಿನಿಂದ ಕಲಿಯುವ ಗತಿ ಬರುತ್ತಿರಲಿಲ್ಲ. ನಡೆಯಲಿಲ್ಲ. 1964-66ರ ಕೊಠಾರಿ ಆಯೋಗವೂ ಅದೇ ವ್ಯತ್ಯಾಸವನ್ನು ಮತ್ತೆ ಒತ್ತಿ ಹೇಳಿತು. ಪಂಜಾಬಿನ ಪಟಿಯಾಲದ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಧರ್ಮಗಳ ಅಧ್ಯಯನ ವಿಭಾಗ ತೆರೆಯಿತು. ಗುರು ನಾನಕರ ಜೀವನ, ಬೋಧನೆಗಳ ಅಧ್ಯಯನ ಧರ್ಮಬೋಧನೆಯಾಗುವುದಿಲ್ಲ ಎಂದು 1971ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಧರ್ಮಗಳ ಬಗ್ಗೆ ಕಲಿಸುವುದಕ್ಕೆ ಸಂವಿಧಾನದ ಅಡ್ಡಿಯಿಲ್ಲ ಎಂದು 2002ರಲ್ಲಿ ಮತ್ತೊಮ್ಮೆ ಹೇಳಿತು. ಅಲಿಗಢ, ಜಾಮಿಯಾಗಳಲ್ಲಿ ಇಸ್ಲಾಮಿಕ್ ಅಧ್ಯಯನದಲ್ಲಿ ಬಿ.ಎ. ಮಾಡಬಹುದು. 1998ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವು ಉರ್ದು ಮಾಧ್ಯಮದ ಪದವಿಯನ್ನು ದೂರಶಿಕ್ಷಣದ ಮೂಲಕ ನಮ್ಮಂಥ ಊರುಗಳಿಗೂ ಮುಟ್ಟಿಸಿತು.

ಇನ್ನೊಬ್ಬರ ಧರ್ಮ ಓದಿದರೆ ಈಮಾನ್ ಹೋಗುತ್ತದೆ ಎನ್ನುವ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಅವರಿಗೆ ನಾನು ವಾದ ಮಾಡುವುದಿಲ್ಲ, ಎರಡು ಹೆಸರು ಹೇಳುತ್ತೇನೆ. 1030ರ ಸುಮಾರಿಗೆ ಅಲ್-ಬಿರೂನಿ ಸಂಸ್ಕೃತ ಕಲಿತು ಹಿಂದೂಗಳ ನಂಬಿಕೆಗಳ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದರು, ಅವರ ಮಾತನ್ನು ಅವರ ಪುಸ್ತಕಗಳಿಂದಲೇ ಎತ್ತಿ ಹೇಳಿದರು. 1153ರಲ್ಲಿ ತೀರಿಕೊಂಡ ಶಹ್ರಸ್ತಾನಿ ತಮಗೆ ತಿಳಿದಿದ್ದ ಎಲ್ಲ ಮತಪಂಥಗಳನ್ನೂ ಒಂದು ಗ್ರಂಥದಲ್ಲಿ ವಿವರಿಸಿದರು. ಇಬ್ಬರೂ ಈಮಾನ್ ಕಳೆದುಕೊಂಡವರಲ್ಲ.

ಹೊರಗಿನ ಉದಾಹರಣೆಯೇ ಯಾಕೆ? 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿ ಅಧ್ಯಾಪಕರಾಗಿದ್ದ ರಹಮತ್ ತರೀಕೆರೆ ಅವರು ಊರೂರು ತಿರುಗಿ 'ಕರ್ನಾಟಕದ ಸೂಫಿಗಳು' ಬರೆದರು, 'ಕರ್ನಾಟಕದ ನಾಥಪಂಥ' ಬರೆದರು, 'ಕರ್ನಾಟಕದ ಮೊಹರಂ' ಬರೆದರು. ನಮ್ಮ ಹುಡುಗಿ ಕೇಳಿದ ಅಲಾಯಿ ಹಬ್ಬ ಅವರಿಗೆ ಸರಿ-ತಪ್ಪಿನ ಪ್ರಶ್ನೆಯಲ್ಲ. ಯಾರು ಪಂಜಾ ಹೊರುತ್ತಾರೆ, ಯಾರು ಹೆಜ್ಜೆ ಹಾಕುತ್ತಾರೆ, ಏನು ಹಾಡುತ್ತಾರೆ, ಯಾಕೆ ಹರಕೆ ಹೊರುತ್ತಾರೆ ಎಂದು ಕೇಳಿ ಬರೆಯುವ ವಿಷಯ. ಹಜರತ್ತರ ಫತ್ವಾಕ್ಕೆ ಅದರದೇ ಜಾಗವಿದೆ. ಕಾಲೇಜಿನ ಕೆಲಸ ಬೇರೆ.

2006ರ ಸಾಚಾರ್ ಸಮಿತಿಯ ವರದಿಯನ್ನು ನಮ್ಮ ಸಭೆಗಳಲ್ಲಿ ಆಗಾಗ ಉಲ್ಲೇಖಿಸುತ್ತೇವೆ. ದೇಶದ ಉತ್ತಮ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬ ಮುಸ್ಲಿಂ, ಸ್ನಾತಕೋತ್ತರದಲ್ಲಿ 50ಕ್ಕೆ ಒಬ್ಬ ಎಂದು ಅದು ಹೇಳಿತು. ಆ ವರದಿಯನ್ನು ತಯಾರಿಸಿದ್ದು ಯಾವ ವಿದ್ಯೆಯಿಂದ? ಅಂಕಿಅಂಶ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಿಂದ. ನಮ್ಮ ಸ್ಥಿತಿಯನ್ನು ನಾವೇ ಅಳೆದು ಹೇಳಬಲ್ಲವರು ನಮ್ಮಲ್ಲಿ ಬೇಕಲ್ಲವೇ?

ನಮ್ಮ ತಾಲೂಕಿನ ಗಡಿಯಾಟ ಮಾತ್ರ ಇನ್ನೂ ನಿಂತಿಲ್ಲ. 1997ರಲ್ಲಿ ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು. ಹೈದರಾಬಾದ್ ಕರ್ನಾಟಕಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ವಿಶೇಷ ಸೌಲಭ್ಯ ಕೊಡುವ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದಾಗ ಪಕ್ಕದ ಕೂಡ್ಲಿಗಿ, ಹಡಗಲಿಗಳಿಗೆ ಸಿಕ್ಕಿತು, ನಮಗೆ ಸಿಗಲಿಲ್ಲ. ಹೋರಾಟ ನಡೆದು 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿದ ಮೇಲೆ ನಮ್ಮ ಮಕ್ಕಳಿಗೂ ಆ ಬಾಗಿಲು ತೆರೆಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಪದವಿಯ ವಿಷಯದಲ್ಲೂ ಹೀಗೆಯೇ: 2021ರಲ್ಲಿ ನಾಲ್ಕು ವರ್ಷದ ಪದವಿ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಸಿದರು. ಪೋಷಕರು ಗಾಬರಿಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಆ ದಿನ ತಂದೆಗೆ ನಾನು ಇಷ್ಟೆಲ್ಲ ಹೇಳಲಿಲ್ಲ. 371(ಜೆ) ಪ್ರಮಾಣಪತ್ರ ಮಾಡಿಸಿಕೊಳ್ಳಿ, ಮುಂದೆ ಬಿ.ಇಡಿ. ಇದೆ, ಕೆ.ಎ.ಎಸ್. ಪರೀಕ್ಷೆಗೂ ಇತಿಹಾಸ, ರಾಜ್ಯಶಾಸ್ತ್ರವೇ ಆಧಾರ ಎಂದೆ. ಬಸ್ಸಿನ ಖರ್ಚಿನ ಮಾತೆತ್ತಿದರು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲವಲ್ಲ, ಆಧಾರ್ ಕಾರ್ಡ್ ಇದ್ದರಾಯಿತು ಎಂದೆ. ನಕ್ಕರು. ಹುಡುಗಿಗೆ ಮಾತ್ರ ನಿಜ ಹೇಳಿದೆ: ನೀನು ಕೇಳಿದ ಮೂರನ್ನೂ ಒಟ್ಟಿಗೆ ಕಲಿಸುವ ಪದವಿ ಇಲ್ಲಿಲ್ಲ. ಎಚ್.ಪಿ.ಎಸ್. ತಗೋ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಉಳಿದದ್ದನ್ನು ಲೈಬ್ರರಿಯಲ್ಲಿ ಹುಡುಕಬೇಕು.

ಹರಪನಹಳ್ಳಿಗೆ ಹೋಗಿ ಬಂದು ಓದುತ್ತಿದ್ದಾಳೆ. ಈ ವರ್ಷ ಸಮಾಜಶಾಸ್ತ್ರದ ಅಸೈನ್‌ಮೆಂಟಿಗೆ ತಮ್ಮೂರ ಅಲಾಯಿ ಹಬ್ಬವನ್ನೇ ಆರಿಸಿಕೊಂಡಳು. ಪೀರಲ ದೇವರನ್ನು ಎತ್ತುವ ಹಿರಿಯರ ಮನೆಗೆ ತಂದೆಯೇ ಕರೆದುಕೊಂಡು ಹೋದರಂತೆ. ಅವಳು ಪ್ರಶ್ನೆ ಕೇಳಿ ಬರೆದುಕೊಳ್ಳುವಾಗ ಅವರು ಜಗಲಿಯ ಮೇಲೆ ಕೂತಿದ್ದವರು, ನಡುವೆ ತಾವೂ ಒಂದೆರಡು ಪ್ರಶ್ನೆ ಕೇಳಿದರಂತೆ. ಪಂಜಾ ಊರಿಗೆ ಬಂದ ಬಗೆಗೆ ಮುಜಾವರರು ಒಂದು ಕಥೆ ಹೇಳಿದರು, ಅದನ್ನು ಹೊರುವ ಮನೆಯವರು ಇನ್ನೊಂದು ಹೇಳಿದರು. ಎರಡೂ ಒಂದಕ್ಕೊಂದು ಕೂಡುವುದಿಲ್ಲ. "ಯಾವುದನ್ನ ಬರೀಲಿ ಮೇಡಂ?" ಎಂದು ಫೋನ್ ಮಾಡಿದ್ದಳು.

ಎರಡನ್ನೂ ಬರೆ, ಯಾರು ಹೇಳಿದ್ದು ಅಂತ ಹೆಸರು ಹಾಕಿ ಬರೆ ಎಂದೆ.